ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಮದುವೆ, ನಾನು ಇನ್ಸುಲಿನ್ ತಗೊಳ್ಳೋಳು, ಹೋಗ್ಬಹುದಾ?

ಹಿರಿಸೊಸೆ_ವಿಜಯನಗರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನನಗೆ 46 ವರ್ಷ, ಟೈಪ್ 2 ಶುಗರ್ ಇದೆ, ಮೊದಲು ಬರೀ ಮಾತ್ರೆಲೇ ನಡೀತಿತ್ತು, ಈಗ 30/70 ಮಿಕ್ಸ್ ಇನ್ಸುಲಿನ್ (ಬೇಗ ಕೆಲಸ ಮಾಡೋದು, ನಿಧಾನಕ್ಕೆ ಕೆಲಸ ಮಾಡೋದು ಎರಡೂ ಸೇರಿರೋದು) ಬೆಳಗ್ಗೆ ತಿಂಡಿಗೆ ಮುಂಚೆ ರಾತ್ರಿ ಊಟಕ್ಕೆ ಮುಂಚೆ ತಗೋತೀನಿ, ಜೊತೆಗೆ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಬಿಪಿಗೆ ಒಂದು ಮಾತ್ರೆ. ಮೇ ತಿಂಗಳಲ್ಲಿ ನಮ್ಮ ಮೈದುನನ ಮದುವೆ, ಹೆಣ್ಣಿನ ಕಡೆಯವರದು ಕಲಬುರಗಿ, ಮದುವೆನೂ ಅಲ್ಲೇ. ಮನೆಗೆ ಹಿರೀ ಸೊಸೆ, ಬರಲ್ಲ ಅನ್ನೋ ಹಾಗಿಲ್ಲ, ನನಗೂ ಹೋಗ್ಲೇಬೇಕು ಅಂತ ಆಸೆ, ಅವನು ಪಿಯುಸಿ ಓದೋವಾಗಿಂದ ನಮ್ಮನೇಲೇ ಇದ್ದು ಬೆಳೆದ ಹುಡುಗ.

ಭಯ ಏನಂದ್ರೆ ಅಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಅಂತೆ. ಬೆಂಗಳೂರಲ್ಲಿ 35 ದಾಟಿದ್ರೇ ನನಗೆ ತಲೆ ಸುತ್ತಿದ ಹಾಗಾಗುತ್ತೆ. ಇನ್ಸುಲಿನ್ ಪೆನ್ ಬ್ಯಾಗಲ್ಲೇ ಬೆಂದು ಹೋದ್ರೆ ಏನ್ಮಾಡೋದು, ಛತ್ರದಲ್ಲಿ ಫ್ರಿಜ್ ಇರುತ್ತೋ ಇಲ್ವೋ, ಕರೆಂಟ್ ಹೋದ್ರೆ? ಇನ್ನೊಂದು, ಬೆವರು ಬಂದು ಕೈ ನಡುಗಿದ್ರೆ ಅದು ಬಿಸಿಲಿಗೋ ಲೋ ಶುಗರ್‌ಗೋ ಗೊತ್ತಾಗಲ್ವಲ್ಲ. ಒಂದ್ಸಲ ಇಲ್ಲೇ ಮಾರ್ಕೆಟ್‌ನಲ್ಲಿ ಲೋ ಆಗಿ ಅಂಗಡಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ, ಅವತ್ತಿಂದ ಮನಸ್ಸಲ್ಲಿ ಅದೇ ಓಡ್ತಿರುತ್ತೆ. ಮನೇಲಿದ್ರೂ ಗಂಟೆಗೊಂದ್ಸಲ ಬೆರಳು ಚುಚ್ಕೊಂಡು ನೋಡ್ತೀನಿ, ಸ್ಟ್ರಿಪ್ ಖರ್ಚು ನೋಡಿ ನಮ್ಮವರು ಏನೂ ಅನ್ನಲ್ಲ ಆದ್ರೆ ನನಗೇ ಒಂಥರಾ ಆಗುತ್ತೆ. ರಾತ್ರಿ ನಿದ್ದೆ ಸರಿಯಾಗಿ ಬರ್ತಿಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ, ಅಷ್ಟರಲ್ಲಿ ಅವರನ್ನ ಏನೇನ್ ಕೇಳ್ಬೇಕು ಅಂತಾನಾದ್ರೂ ಗೊತ್ತಿರ್ಲಿ ಅಂತ ಇಲ್ಲಿ ಕೇಳ್ತಿದೀನಿ. ಆ ಕಡೆ ಬೇಸಿಗೇಲಿ ಹೋಗಿ ಬಂದವರು, ಶುಗರ್ ಇರೋವ್ರು ಯಾರಾದ್ರೂ ಇದ್ರೆ ಹೇಳಿ.

ಕಲಬುರಗಿಯವ_ಮಾರತಹಳ್ಳಿ:

ಅಕ್ಕಾರ ನಮಸ್ಕಾರ್ರಿ. ನಮ್ಮೂರಿಗೇ ಹೊಂಟೀರಿ ಅಂದ್ರ ಖುಷಿ ಆತು. ಹೋಗ್ರಿ, ಬಿಡಬ್ಯಾಡ್ರಿ, ಆದ್ರ ನಮ್ಮ ಕಡಿ ಬ್ಯಾಸಗಿ ಹ್ಯಾಂಗ ಇರ್ತದ ಅಂತ ತಿಳಕೊಂಡು ಹೋಗ್ರಿ. ಮುಂಜಾನಿ ಒಂಬತ್ತು ಹತ್ತಕ್ಕೇ ಬಿಸಲು ಚುರುಕ್ ಅಂತದ, ಹನ್ನೊಂದರಿಂದ ನಾಲ್ಕೂವರಿ ತನಕ ನಾವು ಊರಾವ್ರೇ ಹೊರಗ ಬರಂಗಿಲ್ಲ. ಅಲ್ಲಿ ಜನ ಬಿಸಲಿನ ಜೋಡಿ ಹಟ ಮಾಡಂಗಿಲ್ಲ, ಕೆಲಸ ಎಲ್ಲಾ ಮುಂಜಾನಿ ಇಲ್ಲಾ ಸಂಜಿ. ನೀವೂ ಅಷ್ಟೇ ಮಾಡ್ರಿ, ಬಂಗಾರದ ಅಂಗಡಿ, ಸೀರಿ ಅಂಗಡಿ ಅಂತ ಮಧ್ಯಾಹ್ನ ಕರದ್ರ ಹೋಗಬ್ಯಾಡ್ರಿ.

ಹೋಗೂದು ರೈಲಿಗೆ ಹೋಗ್ರಿ, ಉದ್ಯಾನ್ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದ್ರ ಮುಂಜಾನಿ ಕಲಬುರಗಿ, ಎಸಿ ಡಬ್ಬಿ ತಗೋರಿ, ಇನ್ಸುಲಿನ್‌ಗೂ ಛಲೋ ನಿಮಗೂ ಛಲೋ. ಕಾರಿಗೆ ಹೋದ್ರ ಡಿಕ್ಕಿಯಾಗ ಔಷಧ ಇಡಬ್ಯಾಡ್ರಿ, ಬಿಸಲಾಗ ನಿಂತ ಗಾಡಿ ಒಳಗ ಕೈ ಇಡಾಕ ಆಗಂಗಿಲ್ಲ ಅಷ್ಟು ಕಾಯ್ತದ.

ಈಗ ಮುಖ್ಯ ಮಾತು, ಕಾಲು. ನಮ್ಮ ಕಡಿ ಗುಡಿ ಅಂಗಳ, ದರ್ಗಾ, ಹಳೀ ಮನಿ ಅಂಗಳ ಎಲ್ಲಾ ಪರ್ಸಿ ಕಲ್ಲು ಹಾಸಿರ್ತಾರ, ಬಾಜೂ ಊರು ಶಹಾಬಾದದ ಕಲ್ಲು. ಮಧ್ಯಾಹ್ನಕ್ಕ ಅದು ರೊಟ್ಟಿ ಹೆಂಚು ಆಗಿರ್ತದ. ನಮ್ಮ ಅವ್ವಗ ಭಾಳ ವರ್ಷದಿಂದ ಶುಗರ್ ಅದ, ಅಂಗಾಲಾಗ ಜೋಮು, ಮುಟ್ಟಿದ್ದೇ ಪೂರಾ ಗೊತ್ತಾಗಂಗಿಲ್ಲ. ಒಂದ ಗುಡ್ಯಾಗ ದೀಡ ನಮಸ್ಕಾರ ನೋಡ್ಕೋತ ಬರಿಗಾಲಲ್ಲೇ ನಿಂತಾಳ, ಆಕಿಗಿ ಸುಟ್ಟಿದ್ದು ಗೊತ್ತೇ ಆಗಿಲ್ಲ, ಮನಿಗಿ ಬಂದು ಬಚ್ಚಲದಾಗ ಕಾಲು ತೊಳಿಯೂ ಮುಂದ ನೀರು ರಕ್ತ ಕೂಡಿ ಹರದಾಗ ನೋಡ್ಯಾಳ, ಎರಡೂ ಅಂಗಾಲಾಗ ಬೊಬ್ಬಿ ಎದ್ದು ಒಡದಿದ್ದವು. ಆ ಗಾಯ ಮಾಯಾಕ ಮಳಿಗಾಲ ಬಂತು. ಅದಕ್ಕ ಅಕ್ಕಾರ, ಗುಡಿಗಿ ಹೋದ್ರ ಮುಂಜಾನಿ ಏಳರೊಳಗ ಹೋಗ್ರಿ, ದಪ್ಪ ಕಾಟನ್ ಸಾಕ್ಸ್ ಹಾಕ್ಕೊಂಡು ಹೋಗ್ರಿ, ಯಾರೂ ಏನೂ ಅನ್ನಂಗಿಲ್ಲ. ದಿನಾ ಮಲಗೂ ಮುಂದ ಅಂಗಾಲು, ಬೆರಳ ಸಂದಿ ನೋಡ್ಕೋರಿ, ಕಾಣಲಿಲ್ಲ ಅಂದ್ರ ಯಾರರ ಕಡಿಂದ ನೋಡಿಸ್ರಿ ಇಲ್ಲಾ ಮೊಬೈಲದಾಗ ಫೋಟೋ ತಗೋರಿ. ಹೊಸಾ ಚಪ್ಪಲ್ಲು ಮದುವಿ ದಿನಾನೇ ಹಾಕ್ಕೋಬ್ಯಾಡ್ರಿ.

ಊಟದ ಚಿಂತಿ ಮಾಡಬ್ಯಾಡ್ರಿ, ಜೋಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮಜ್ಜಿಗಿ ಇವೆಲ್ಲಾ ನಿಮಗ ಹೊಂದತಾವ. ಹುಗ್ಗಿ, ಹೋಳಿಗಿ, ಮಾವಿನಹಣ್ಣಿನ ಶೀಕರಣಿ ಬಡಸಾಕ ಬರ್ತಾರ, ಬ್ಯಾಡ ಅಂದ್ರ ಒಂದಿನ ತಿಂದ್ರ ಏನಾಗ್ತದ ಅಂತಾರ. ಸಿಟ್ಟಿಲೇ ಅಲ್ಲ, ಪ್ರೀತಿಲೇ ಅಂತಾರ. ಒಂದ ಚಮಚ ಹಾಕಿಸ್ಕೊಂಡು ಕೈ ಅಡ್ಡ ಇಡ್ರಿ, ಸಾಕು.

ನೀರುಮಜ್ಜಿಗೆ_77:

ಮೇಡಂ ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಡಿ. ನಾಲ್ಕು ದಿನದ ವಿಷಯ ತಾನೇ, ಇನ್ಸುಲಿನ್ ಮನೇಲೇ ಬಿಟ್ಟು ಬರೀ ಮಾತ್ರೆಲಿ ಮ್ಯಾನೇಜ್ ಮಾಡಿ, ಬಿಸಿಲಲ್ಲಿ ಬೆವರಿದ್ರೆ ಶುಗರ್ ತಾನಾಗೇ ಇಳಿಯುತ್ತೆ. ಎಳನೀರು ಎಷ್ಟು ಬೇಕಾದ್ರೂ ಕುಡೀರಿ, ನ್ಯಾಚುರಲ್ ಅದು. ಬೆಳಗ್ಗೆ ಮೆಂತ್ಯ ನೀರು ಕುಡಿದ್ರೆ ಸಾಕು.

ಮೆಡಿಕಲ್ಸ್_ರಾಜಾಜಿನಗರ:

ಮೇಲೆ ಬರೆದಿರೋವ್ರು ಒಳ್ಳೇ ಮನಸ್ಸಿಂದಾನೇ ಹೇಳಿದ್ದಾರೆ, ಆದ್ರೆ ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ. ಇನ್ಸುಲಿನ್ ಬೇಕಾಗಿರೋ ದೇಹಕ್ಕೆ ನಾಲ್ಕು ದಿನ ಅದನ್ನ ನಿಲ್ಸಿದ್ರೆ ಶುಗರ್ ಏರುತ್ತೆ, ಏರಿದ್ರೆ ಮೂತ್ರ ಜಾಸ್ತಿ ಹೋಗುತ್ತೆ, ಮೂತ್ರ ಹೋದಷ್ಟೂ ಮೈಯಲ್ಲಿ ನೀರು ಕಮ್ಮಿ, ನೀರು ಕಮ್ಮಿ ಆದ್ರೆ ಶುಗರ್ ಇನ್ನೂ ಏರುತ್ತೆ. 43 ಡಿಗ್ರಿಯಲ್ಲಿ ಇದು ಬಹಳ ಬೇಗ ಐಸಿಯುವರೆಗೆ ಹೋಗುತ್ತೆ. ಬೆವರಿಗೆ ಸಕ್ಕರೆ ಹೊರಗೆ ಹೋಗಲ್ಲ. ಎಳನೀರಲ್ಲೂ ಸಕ್ಕರೆ ಇದೆ, ದಿನಕ್ಕೆ ಒಂದು ಅಂದ್ರೆ ಸಾಮಾನ್ಯವಾಗಿ ಪರವಾಗಿಲ್ಲ, ನೀರಿನ ಬದಲು ಅದನ್ನೇ ಕುಡಿಯೋದಲ್ಲ, ಕಿಡ್ನಿ ತೊಂದರೆ ಇರೋವ್ರು ಅದರಲ್ಲಿರೋ ಪೊಟ್ಯಾಸಿಯಂನಿಂದ ಡಾಕ್ಟರ್ ಕೇಳದೆ ಕುಡೀಲೇಬಾರ್ದು.

ಮೇಡಂ, ನಿಮ್ಮ ಇನ್ಸುಲಿನ್ ವಿಷಯಕ್ಕೆ ಬರ್ತೀನಿ. ಅಂಗಡಿಯಲ್ಲಿ ದಿನಾ ಕೇಳೋ ಪ್ರಶ್ನೆ ಇದು. ಓಪನ್ ಮಾಡದೇ ಇರೋದು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ. ಬಳಸ್ತಿರೋ ಪೆನ್ 30 ಡಿಗ್ರಿ ಒಳಗೆ ಹೊರಗಿದ್ರೂ ಸುಮಾರು 4 ವಾರ ಇರುತ್ತೆ, ಬ್ರ್ಯಾಂಡ್ ಮೇಲೆ ಬದಲಾಗುತ್ತೆ, ಡಬ್ಬದ ಒಳಗಿರೋ ಚೀಟಿ ಓದಿ. ಒಂದೆರಡು ಗಂಟೆ ಬಿಸಿ ತಾಗಿದ ತಕ್ಷಣ ಇನ್ಸುಲಿನ್ ಸತ್ತು ಹೋಗಲ್ಲ. ಕೀನ್ಯಾದ ನಿರಾಶ್ರಿತರ ಕ್ಯಾಂಪ್ ಒಂದರ ತಾಪಮಾನ ಇಟ್ಕೊಂಡು ಎಂಎಸ್ಎಫ್ ಅನ್ನೋ ಅಂತರರಾಷ್ಟ್ರೀಯ ವೈದ್ಯರ ಸೇವಾ ಸಂಸ್ಥೆ ಮತ್ತೆ ಜಿನೀವಾ ವಿಶ್ವವಿದ್ಯಾಲಯದವ್ರು ಪರೀಕ್ಷೆ ಮಾಡಿ 2021ರಲ್ಲಿ ಪ್ರಕಟಿಸಿದ್ರು, 25ರಿಂದ 37 ಡಿಗ್ರಿ ಮಧ್ಯೆ ಏರಿಳಿತಾ ಇದ್ರೂ 4 ವಾರ ಇನ್ಸುಲಿನ್ ಶಕ್ತಿ ಫ್ರಿಜ್‌ನಲ್ಲಿಟ್ಟಿದ್ದರಷ್ಟೇ ಇತ್ತು. ಅಂದ್ರೆ ನೀವು ಮಾಡ್ಬೇಕಾಗಿರೋದು 43ನ್ನ ಪೆನ್ ಹತ್ರ ಬರದಂತೆ ತಡೆಯೋದು, ಅಷ್ಟೇ. ಹಿಮದಷ್ಟು ತಣ್ಣಗೆ ಮಾಡೋ ಅಗತ್ಯ ಇಲ್ಲ.

ಅದಕ್ಕೆ ಮಣ್ಣಿನ ಮಡಕೆ ಸಾಕು. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಲಿ ಪೆನ್, ಮೇಲೆ ಒದ್ದೆ ಬಟ್ಟೆ, ನೆರಳಲ್ಲಿ ಗಾಳಿ ಆಡೋ ಕಡೆ ಇಡಿ, ಮರಳು ಒಣಗದಂತೆ ನೀರು ಹಾಕ್ತಿರಿ. ಓಡಾಡೋವಾಗ ನೀರಲ್ಲಿ ನೆನೆಸೋ ಕೂಲಿಂಗ್ ಪೌಚ್ ಆನ್‌ಲೈನ್‌ನಲ್ಲಿ ಸಿಗುತ್ತೆ, ಅದೂ ಇದೇ ರೀತಿ ಕೆಲಸ ಮಾಡೋದು, ನೀರು ಆರುವಾಗ ತಂಪಾಗುತ್ತೆ. ಕಲಬುರಗಿ ಒಣ ಹವೆ, ಅಲ್ಲಿ ಇವು ಚೆನ್ನಾಗಿ ನಡೆಯುತ್ತೆ. ಮಂಗಳೂರಿನ ಸೆಕೆಯಲ್ಲಿ ಇಷ್ಟು ನಂಬೋಕಾಗಲ್ಲ.

ಬಿಸಿಗಿಂತ ಜಾಸ್ತಿ ಇನ್ಸುಲಿನ್ ಹಾಳಾಗೋದು ನಾನು ನೋಡಿರೋದು ಐಸ್‌ನಿಂದ. ಐಸ್ ಪ್ಯಾಕ್‌ಗೆ ನೇರ ತಾಗಿಸಿ ಇಡ್ತಾರೆ, ನೆಂಟರ ಮನೆ ಫ್ರಿಜ್‌ನಲ್ಲಿ ಫ್ರೀಜರ್ ಪಕ್ಕಕ್ಕೆ ತಳ್ಳಿರ್ತಾರೆ. ಒಂದ್ಸಲ ಹೆಪ್ಪುಗಟ್ಟಿದ್ರೆ ಕರಗಿದ ಮೇಲೂ ಅದು ಉಪಯೋಗ ಇಲ್ಲ, ಬಿಸಾಕಬೇಕು. ಫ್ರಿಜ್ ಬಾಗಿಲಲ್ಲಿ ಇಡಿ, ಐಸ್ ಪ್ಯಾಕ್ ಇದ್ರೆ ಮಧ್ಯೆ ಟವೆಲ್ ಸುತ್ತಿ. ನಿಮ್ಮದು ಮಿಕ್ಸ್ ಆದ್ದರಿಂದ ಬೆಳ್ಳಗೆ ಹಾಲಿನಂತೆ ಇರ್ಬೇಕು, ಅಂಗೈ ಮಧ್ಯೆ ನಿಧಾನಕ್ಕೆ ಉರುಳಿಸಿದ ಮೇಲೂ ಗಂಟು ಗಂಟಾಗಿದ್ರೆ ಅಥವಾ ಗಾಜಿಗೆ ಬಿಳಿ ಪುಡಿ ಅಂಟ್ಕೊಂಡಿದ್ರೆ ಬಳಸ್ಬೇಡಿ. ನೋಡೋಕೆ ಸರಿ ಇದ್ದೂ ಶುಗರ್ ಕಾರಣ ಇಲ್ಲದೆ ಏರ್ತಾನೇ ಇದ್ರೆ ಹೊಸ ಪೆನ್ ತೆಗೀರಿ. ಸ್ಟ್ರಿಪ್ ಡಬ್ಬಿನೂ ಬಿಸಿಲಲ್ಲಿ ಇಡ್ಬೇಡಿ, ಸಾಮಾನ್ಯವಾಗಿ 30 ಡಿಗ್ರಿ ಒಳಗೇ ಇರ್ಬೇಕು, ಮುಚ್ಚಳ ತೆರೆದಿಡ್ಬೇಡಿ.

ಒಂದು ಎಚ್ಚರಿಕೆ, ಇದನ್ನ ಗಂಡನಿಗೂ ಹೇಳಿಡಿ. ಪೆನ್ ಕಳೆದು ಹೋಗಿ ಅಲ್ಲಿ ವಯಲ್ (ಸಿರಿಂಜ್‌ಗೆ ಎಳ್ಕೊಳ್ಳೋ ಇನ್ಸುಲಿನ್ ಬಾಟಲಿ) ತಗೋಬೇಕಾಗಿ ಬಂದ್ರೆ ನಮ್ಮ ದೇಶದಲ್ಲಿ ಒಂದು ಎಂಎಲ್‌ಗೆ 40 ಐಯು (ಯೂನಿಟ್) ಮತ್ತೆ 100 ಐಯು ಅಂತ ಎರಡು ಥರ ಬರುತ್ತೆ. 40ರ ವಯಲ್‌ಗೆ ಕೆಂಪು ಮುಚ್ಚಳದ 40ರ ಸಿರಿಂಜ್, 100ಕ್ಕೆ ಆರೆಂಜ್ ಮುಚ್ಚಳದ್ದು. ಅದಲು ಬದಲಾದ್ರೆ ಡೋಸ್ ಎರಡೂವರೆ ಪಟ್ಟು ಏರುಪೇರು. ಅಂಗಡಿಯವ್ರ ಹತ್ರ ಎರಡನ್ನೂ ಒಟ್ಟಿಗೆ ಇಡಿಸಿ, ನಂಬರ್ ಓದಿ ತಗೊಳ್ಳಿ. ಇದಕ್ಕಿಂತ ಒಳ್ಳೇದು ಬೇಕಾದಕ್ಕಿಂತ ಡಬಲ್ ತಗೊಂಡು ಹೋಗಿ ಅರ್ಧ ನಿಮ್ಮ ಹತ್ರ, ಅರ್ಧ ಅವ್ರ ಬ್ಯಾಗಲ್ಲಿ ಇಡೋದು. ಪ್ರಿಸ್ಕ್ರಿಪ್ಷನ್ ಫೋಟೋ ಇಬ್ಬರ ಫೋನಲ್ಲೂ ಇರ್ಲಿ.

ಹಿರಿಸೊಸೆ_ವಿಜಯನಗರ:

ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಆ ಕಾಲಿನ ವಿಷಯ ಓದಿ ಮೈ ಜುಮ್ ಅಂತು, ನಿಮ್ಮ ಅಮ್ಮ ಈಗ ಹುಷಾರಾಗಿದ್ದಾರೆ ಅಂದ್ಕೋತೀನಿ. ಓಆರ್‌ಎಸ್ ಕುಡೀಬಹುದಾ ನಾನು? ಅದ್ರಲ್ಲಿ ಸಕ್ಕರೆ ಇದೆ ಅಂತ ನಮ್ಮತ್ತೆ ಬೇಡ ಅಂತಾರೆ. ಮತ್ತೆ ಡಾಪಾ ಮಾತ್ರೆ ಬಿಸಿಲಲ್ಲಿ ತೊಂದ್ರೆ ಅಂತ ಎಲ್ಲೋ ಓದಿದೆ, ಅದು ನಿಜಾನಾ? ಆ ಬೆವರಿನ ಗೊಂದಲಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ನನಗೆ ನಿಜವಾದ ಭಯ ಅದೇ.

ಟೈಪ್‌ಒನ್_ಮಗಳ_ಅಮ್ಮ:

ನಾನು ಹೇಳ್ತೀನಿ ಕೇಳಿ. ನನ್ನ ಮಗಳಿಗೆ ಚಿಕ್ಕ ವಯಸ್ಸಿಂದ ಟೈಪ್ 1, ನಮ್ಮ ತವರು ರಾಯಚೂರು, ಪ್ರತಿ ಬೇಸಿಗೆ ರಜಕ್ಕೆ ಅಲ್ಲಿಗೇ ಹೋಗೋದು, ಹಾಗಾಗಿ ಬಿಸಿಲು ಮತ್ತೆ ಲೋ ಶುಗರ್ ಎರಡರ ಜೊತೆ ಬದುಕಿ ಗೊತ್ತು. ನಿಮ್ಮ ಭಯ ಸುಳ್ಳಲ್ಲ. ಬಿಸಿಲಿಗೆ ಚರ್ಮದ ಕೆಳಗೆ ರಕ್ತ ಓಡಾಟ ಜಾಸ್ತಿ ಆಗಿ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಶುಗರ್ ಇಳಿಯುತ್ತೆ, ಇಂಜೆಕ್ಷನ್ ತಗೊಂಡ ಕೂಡ್ಲೇ ಬಿಸಿನೀರು ಸ್ನಾನ ಮಾಡಿದ್ರೂ ಹಾಗೇ. ಬೆವರು, ಸುಸ್ತು, ತಲೆಸುತ್ತು ಬಿಸಿಲಿಗೂ ಬರುತ್ತೆ ಲೋಗೂ ಬರುತ್ತೆ, ನೋಡಿ ಹೇಳೋಕೆ ಡಾಕ್ಟರ್‌ಗೂ ಕಷ್ಟ. ಅದಕ್ಕೆ ಊಹೆ ಮಾಡೋದೇ ಬೇಡ, ಕೂತ್ಕೊಂಡು ಚೆಕ್ ಮಾಡಿ. ಮೀಟರ್ ಕೈಗೆ ಸಿಗ್ಲಿಲ್ಲ ಅಂದ್ರೆ ಲೋ ಅಂತಾನೇ ತಿಳ್ಕೊಂಡು ಸಕ್ಕರೆ ತಗೊಳ್ಳಿ, ಒಂದ್ಸಲ ಸ್ವಲ್ಪ ಏರಿದ್ರೆ ಏನೂ ಮುಳುಗಿ ಹೋಗಲ್ಲ, ಲೋನ ಬಿಟ್ರೆ ಕಷ್ಟ.

70ಕ್ಕಿಂತ ಕೆಳಗಿದ್ರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕುಡೀರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಏರಿಲ್ಲ ಅಂದ್ರೆ ಮತ್ತೆ ಅಷ್ಟೇ. ಏರಿದ ಮೇಲೆ ಎರಡು ಬಿಸ್ಕೆಟ್ಟೋ ಅರ್ಧ ರೊಟ್ಟಿನೋ ತಿನ್ನಿ. ಚಾಕಲೇಟ್ ಬೇಡ, ಅದರಲ್ಲಿರೋ ಕೊಬ್ಬಿಗೆ ಶುಗರ್ ನಿಧಾನಕ್ಕೆ ಏರುತ್ತೆ, ಆ ಬಿಸಿಲಿಗೆ ಕರಗೂ ಹೋಗುತ್ತೆ. ನಾನು ಗ್ಲೂಕೋಸ್ ಪುಡಿನ ಚಿಕ್ಕ ಚಿಕ್ಕ ಜಿಪ್ ಕವರ್‌ಗೆ ಅಳೆದು ಹಾಕಿ ಒಂದೊಂದು ಬ್ಯಾಗಲ್ಲೂ ಇಟ್ಟಿರ್ತೀನಿ, ಆ ಹೊತ್ತಲ್ಲಿ ಚಮಚ ಎಣಿಸೋ ಸ್ಥಿತಿ ಇರಲ್ಲ. ಸೀರೆ ಉಟ್ಟಾಗ ನೀವು ಸೊಂಟದ ಬಟುವಾದಲ್ಲಿ ಇಟ್ಕೊಳ್ಳಿ, ಪರ್ಸ್ ಯಾರ ಕೈಗೋ ಕೊಟ್ಟು ಮರೆತಿರ್ತೀವಿ ಮದುವೆಲಿ.

ನಿಮ್ಮದು ಮಿಕ್ಸ್ ಇನ್ಸುಲಿನ್ ಅಂದ್ರಲ್ಲ, ಅದಕ್ಕೆ ಮದುವೆ ದಿನ ನಿಜವಾದ ಅಪಾಯ ಬಿಸಿಲಲ್ಲ, ಊಟ ತಡ ಆಗೋದು. ಬೆಳಗ್ಗೆ ಎಂಟಕ್ಕೆ ತಗೊಂಡಿದ್ದರ ಜೋರು ಮಧ್ಯಾಹ್ನದ ಹೊತ್ತಿಗೂ ಇರುತ್ತೆ, ಮುಹೂರ್ತ ಮುಗಿದು ಅಕ್ಷತೆ ಬಿದ್ದು ಪಂಕ್ತಿ ಶುರು ಆಗೋಷ್ಟರಲ್ಲಿ ಎರಡೂವರೆ ಆಗಿರುತ್ತೆ, ಹಿರೀ ಸೊಸೆ ಅಂದ್ರೆ ಮೊದಲ ಪಂಕ್ತಿಲಿ ಕೂರೋದೂ ಇಲ್ಲ. ಹನ್ನೊಂದಕ್ಕೆ ಏನಾದ್ರೂ ಗಟ್ಟಿಯಾಗಿ ತಿನ್ನಿ, ರೊಟ್ಟಿ ಪಲ್ಯನೋ ಉಪ್ಪಿಟ್ಟೋ. ಒಂದಕ್ಕೆ ಊಟ ಸಿಗದಿದ್ರೆ ಅಡುಗೆಮನೆಗೆ ಹೋಗಿ ಹಾಕಿಸ್ಕೊಂಡು ತಿನ್ನಿ, ಯಾರನ್ನೂ ಕಾಯ್ಬೇಡಿ. ಆ ದಿನದ ಬೆಳಗಿನ ಡೋಸ್ ಏನ್ಮಾಡ್ಬೇಕು ಅಂತ ಡಾಕ್ಟರ್ ಹತ್ರ ಬರೆಸ್ಕೊಂಡೇ ಬನ್ನಿ, ನಿಮ್ಮಷ್ಟಕ್ಕೆ ಬದಲಾಯಿಸ್ಬೇಡಿ.

ಇನ್ನೊಂದು ಹೇಳ್ಲೇಬೇಕು, ಮಾವಿನಹಣ್ಣಿನ ಕಾಲ. ಹಣ್ಣು ಹೆಚ್ಚಿ ಕೈ ಬರೀ ಬಟ್ಟೆಗೆ ಒರೆಸಿ ಬೆರಳು ಚುಚ್ಚಿದ್ರೆ ಮೀಟರ್ 300 ತೋರ್ಸುತ್ತೆ, ರಕ್ತದಲ್ಲಿ ಇರೋದು 130. ಆ 300 ನಂಬಿ ಯಾರಾದ್ರೂ ಹೆಚ್ಚಿಗೆ ಇನ್ಸುಲಿನ್ ಹಾಕ್ಕೊಂಡ್ರೆ ಗತಿ ಏನು ಹೇಳಿ. ಸೋಪು ಹಾಕಿ ಕೈ ತೊಳೆದು ಒಣಗಿಸಿ ಆಮೇಲೆ ಚುಚ್ಚಿ, ಸ್ಯಾನಿಟೈಸರ್ ಹಾಕಿದ್ರೆ ಸಾಲಲ್ಲ.

ಗಂಟೆಗೊಂದ್ಸಲ ಚೆಕ್ ಮಾಡೋದರ ಬಗ್ಗೆ. ನಾನೂ ರಾತ್ರಿಯೆಲ್ಲ ಎದ್ದು ಮಗು ಹಣೆ ಮುಟ್ಟಿ ನೋಡ್ತಿದ್ದೆ, ಆ ಸಂಕಟ ಅನುಭವಿಸಿದವರಿಗೇ ಗೊತ್ತು. ನಮ್ಮ ಡಾಕ್ಟರ್ ಹೇಳಿಕೊಟ್ಟಿದ್ದು ಏನಂದ್ರೆ ಯಾವ ಹೊತ್ತಿಗೆ ಚೆಕ್ ಅಂತ ಮೊದಲೇ ಬರೆದಿಡೋದು, ಬೆಳಗ್ಗೆ ಎದ್ದಾಗ, ಹನ್ನೊಂದಕ್ಕೆ, ಊಟಕ್ಕೆ ಮುಂಚೆ, ಸಂಜೆ, ಮಲಗೋ ಮುಂಚೆ, ಇದರ ಮೇಲೆ ಮೈಯಲ್ಲಿ ಏನಾದ್ರೂ ಅನಿಸಿದ್ರೆ ಮಾತ್ರ. ಮಧ್ಯೆ ಬರೀ ಮನಸ್ಸಿಗೆ ಭಯ ಆಯ್ತು ಅಂದ್ರೆ ಚೀಟಿ ನೋಡೋದು, ಮುಂದಿನ ಹೊತ್ತು ಯಾವಾಗ ಅಂತ. ಮೊದಮೊದಲು ಕೈ ಮೀಟರ್ ಕಡೆಗೇ ಹೋಗುತ್ತೆ, ನಿಧಾನಕ್ಕೆ ಸರಿ ಹೋಗುತ್ತೆ. ಅಲ್ಲಿ ಗಂಡ ಅಲ್ಲದೆ ಇನ್ನೊಬ್ಬರಿಗೆ, ಹೆಣ್ಣುಮಕ್ಕಳಲ್ಲಿ ಯಾರಿಗಾದ್ರೂ, ಲೋ ಆದ್ರೆ ಏನ್ಮಾಡ್ಬೇಕು ಅಂತ ಹೇಳಿಕೊಡಿ, ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡ್ಬೇಕು ಅಂತ. ಹೇಳ್ಕೊಳ್ಳೋಕೆ ಸಂಕೋಚ ಪಡ್ಬೇಡಿ. ಆ ಇನ್ನೊಬ್ಬರಿಗೆ ಗೊತ್ತಿದೆ ಅನ್ನೋದೇ ಅರ್ಧ ಭಾರ ಇಳಿಸುತ್ತೆ.

ನಿದ್ದೆ ಬರ್ತಿಲ್ಲ ಅಂದ್ರಲ್ಲ, ಅದನ್ನೂ ಡಾಕ್ಟರ್‌ಗೆ ಹೇಳಿ, ಶುಗರ್ ಇರೋವ್ರಲ್ಲಿ ಇದು ಬಹಳ ಜನಕ್ಕೆ ಇರೋ ತೊಂದರೆ. ರಾತ್ರಿ ಹೊತ್ತು ಯಾರ ಜೊತೆನಾದ್ರೂ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, 2022ರಲ್ಲಿ ಶುರು ಆಗಿದ್ದು, ನಮ್ಮ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ.

ಮೆಡಿಕಲ್ಸ್_ರಾಜಾಜಿನಗರ:

ಅಕ್ಕ ಬಹಳ ಸರಿಯಾಗಿ ಹೇಳಿದ್ದಾರೆ. ನಾನು ಉಳಿದ ಎರಡಕ್ಕೆ ಉತ್ತರ ಕೊಡ್ತೀನಿ.

ಓಆರ್‌ಎಸ್ ಪುಡಿ, ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರೆದಿರೋದು, ಒಂದು ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್ ಇರುತ್ತೆ, ಅಂದ್ರೆ 200 ಎಂಎಲ್ ಲೋಟಕ್ಕೆ ಮೂರು ಗ್ರಾಂ ಕೂಡ ಇಲ್ಲ. ಭೇದಿ, ವಾಂತಿ, ಬಹಳ ಬೆವರಿ ಸುಸ್ತಾದಾಗ ಧೈರ್ಯವಾಗಿ ಕುಡೀಬಹುದು. ದಿನಾ ಸುಮ್ನೆ ಕುಡಿಯೋಕಲ್ಲ, ಬಿಪಿ ಇದೆ ನಿಮಗೆ, ಅದರಲ್ಲಿ ಉಪ್ಪಿನ ಅಂಶ ಇದೆ. ದಿನಕ್ಕೆ ಸಾದಾ ನೀರು, ತೆಳು ಮಜ್ಜಿಗೆ ಸಾಕು, ಬಾಯಾರೋವರೆಗೆ ಕಾಯದೆ ಗುಟುಕು ಗುಟುಕು ಕುಡೀತಿರಿ. ಟೆಟ್ರಾ ಪ್ಯಾಕ್‌ನಲ್ಲಿ ಬರೋ ಹಣ್ಣಿನ ರುಚಿಯ ಪಾನೀಯಗಳು ಬೇರೆ, ಅವುಗಳಲ್ಲಿ ಸಕ್ಕರೆ ಎಷ್ಟೋ ಪಟ್ಟು ಜಾಸ್ತಿ. ಫಾರ್ಮುಲಾ ಪ್ರಕಾರ ಇಲ್ಲದ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಅಂತ ಹಾಕಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದ್ದೇ ಇದಕ್ಕೆ. ಕಬ್ಬಿನ ಹಾಲು ಲೋ ಇಲ್ಲದಾಗ ಬೇಡವೇ ಬೇಡ.

ಡಾಪಾ ಮಾತ್ರೆ ಸಕ್ಕರೆನ ಮೂತ್ರದಲ್ಲಿ ಹೊರಗೆ ಹಾಕುತ್ತೆ, ಜೊತೆಗೆ ನೀರೂ ಹೋಗುತ್ತೆ. ಹಾಗಂತ ಹೆದರಿ ನೀವೇ ನಿಲ್ಲಿಸ್ಬೇಡಿ. ವಾಂತಿ ಭೇದಿ ಆದ್ರೆ, ಊಟ ಸೇರದೇ ಇದ್ರೆ, ಜ್ವರ ಬಂದ್ರೆ ಸಾಮಾನ್ಯವಾಗಿ ಅದನ್ನ ನಿಲ್ಲಿಸೋಕೆ ಹೇಳ್ತಾರೆ, ಇನ್ಸುಲಿನ್ ನಿಲ್ಲಿಸಲ್ಲ. ಯಾಕಂದ್ರೆ ಈ ಮಾತ್ರೆ ಮೇಲಿರೋವ್ರಿಗೆ ಶುಗರ್ 180, 200 ಇದ್ದಾಗಲೂ ಕೀಟೋನ್ (ಮೈ ಕೊಬ್ಬು ಕರಗಿಸುವಾಗ ರಕ್ತಕ್ಕೆ ಬರೋ ಆಮ್ಲ) ಏರಿ ಅಪಾಯ ಆಗ್ಬಹುದು, ಮೀಟರ್ ನೋಡಿ ಎಲ್ಲಾ ಸರಿ ಇದೆ ಅಂದ್ಕೊಂಡುಬಿಡ್ತಾರೆ. ಹೊಟ್ಟೆನೋವು, ವಾಂತಿ, ಉಸಿರು ಜೋರಾದ್ರೆ ತಡ ಮಾಡದೆ ಆಸ್ಪತ್ರೆ, ಈ ಮಾತ್ರೆ ತಗೋತೀನಿ ಅಂತ ಬಾಯಿಬಿಟ್ಟು ಹೇಳಿ. ಮುಂದಿನ ವಾರ ಡಾಕ್ಟರ್ ಹತ್ರ ಡಾಪಾ, ಬಿಪಿ ಮಾತ್ರೆ ಎರಡರ ಬಗ್ಗೆನೂ ಕೇಳಿ, ಕೆಲವು ಬಿಪಿ ಮಾತ್ರೇಲೂ ನೀರು ಹೊರಗೆ ಹಾಕೋ ಔಷಧಿ ಸೇರಿರುತ್ತೆ.

ಹಿರಿಸೊಸೆ_ವಿಜಯನಗರ:

ಎಲ್ಲಾ ಬರ್ಕೊಂಡೆ. ನಮ್ಮವ್ರಿಗೆ ಓದಿ ಹೇಳಿದೆ, ಅವ್ರು ಸೀದಾ ಹೋಗಿ ಎರಡು ಮಡಕೆ ತಂದಿದ್ದಾರೆ, ಇಲ್ಲೇ ಟ್ರೈ ಮಾಡಿ ನೋಡೋಣ ಅಂತ. ಮಧ್ಯಾಹ್ನದಿಂದ ಒಳಗೆ ಥರ್ಮಾಮೀಟರ್ ಇಟ್ಟಿದೀವಿ, ರೂಮ್ 33 ಇದ್ದಾಗ ಮಡಕೆ ಒಳಗೆ 26 ಇತ್ತು. ಹೋಗೋದು ಅಂತ ತೀರ್ಮಾನ ಮಾಡಿದೀನಿ. ನನ್ನ ನಾದಿನಿಗೆ ಲೋ ಬಗ್ಗೆ ಎಲ್ಲಾ ಹೇಳಿಕೊಡ್ತೀನಿ, ಅವಳು ಗಟ್ಟಿಗಿತ್ತಿ. ಕೊನೇದಾಗಿ, ಉದ್ಯಾನ್‌ನಲ್ಲಿ ರಾತ್ರಿ ಡೋಸ್ ಯಾವಾಗ ತಗೊಳ್ಳೋದು, ರೈಲು ಲೇಟಾದ್ರೆ?

ಟೈಪ್‌ಒನ್_ಮಗಳ_ಅಮ್ಮ:

ಊಟದ ಡಬ್ಬಿ ಕೈಯಲ್ಲಿ ಇಟ್ಕೊಂಡೇ ಇಂಜೆಕ್ಷನ್ ತಗೊಳ್ಳಿ. ಸ್ಟೇಷನ್‌ಗೆ ಹೊರಡೋ ಮುಂಚೆ ಮನೇಲಿ ತಗೊಂಡು ರೈಲಲ್ಲಿ ಊಟ ಮಾಡ್ತೀನಿ ಅಂದ್ರೆ ಟ್ರಾಫಿಕ್‌ನಲ್ಲೇ ಸಿಕ್ಕಿಹಾಕೋತೀರ. ಒಂದೋ ಮನೇಲೇ ಊಟ ಮುಗಿಸಿ ಹೊರಡಿ, ಇಲ್ಲಾ ಸೀಟಲ್ಲಿ ಕೂತ ಮೇಲೆ ಎರಡೂ. ಮಲಗೋ ಮುಂಚೆ ಚೆಕ್ ಮಾಡಿ, 100ಕ್ಕಿಂತ ಕಮ್ಮಿ ಇದ್ರೆ ಏನ್ಮಾಡ್ಬೇಕು ಅಂತಾನೂ ಡಾಕ್ಟರ್‌ನ ಕೇಳಿಡಿ, ನಾವು ಎರಡು ಬಿಸ್ಕೆಟ್ ಹಾಲು ಕೊಡ್ತೀವಿ.

ಕಲಬುರಗಿಯವ_ಮಾರತಹಳ್ಳಿ:

ಅವ್ವ ಆರಾಮ ಅದಾಳ್ರಿ ಅಕ್ಕಾರ, ಕೇಳಿದ್ದಕ್ಕ ಭಾಳ ಖುಷಿ ಆತು, ಈಗ ಸಾಕ್ಸ್ ಇಲ್ಲದ ಗುಡಿ ಮೆಟ್ಟಲಾ ಹತ್ತಂಗಿಲ್ಲ. ಮುಂಜಾನಿ ರೈಲು ಲೇಟಾದ್ರ ಅಂತ ತಿಂಡಿಗಿ ಎರಡು ಚಪಾತಿ ಹೆಚ್ಚಿಗೀನ ಕಟಕೋರಿ, ವಾಡಿ ದಾಟಿದ ಮ್ಯಾಲ ಒಮ್ಮೊಮ್ಮೆ ನಿಂತುಬಿಡ್ತದ. ಇನ್ಸುಲಿನ್ ಮುಂಜಾನಿದು ಇಳದು ರೂಮಿಗಿ ಹೋದ ಮ್ಯಾಲನ ತಗೋರಿ, ತಿಂಡಿ ಎದುರಿಗಿ ಇಟ್ಕೊಂಡು. ಛತ್ರದಾಗ ಕೂಲರ್ ಇರೂ ಕೋಲಿ ಯಾವುದು ಅಂತ ಬೀಗರಿಗಿ ಈಗ ಫೋನ್ ಮಾಡಿ ಕೇಳ್ರಿ, ಮದುವಿ ದಿನ ಕೇಳಿದ್ರ ಅಲ್ಲಿ ಜನಾ ತುಂಬಿರ್ತಾರ.